ಗೇರಿನ ಸೈಕಲ್ಲು ಮತ್ತು ಉಪ್ಪಿನಕಾಯಿ ಭರಣಿ



ಈ ಸಲ ಬಂದ ಪತ್ರಗಳಲ್ಲಿ ಸವಣೂರಿನ ಸೋದರಿಯೊಬ್ಬರದು ನನ್ನನ್ನು ಎರಡು ದಿನ ಬಿಡದೆ ಕಾಡಿತು. ಅವರ ಮಗಳು ಈ ವರ್ಷ ಒಂಬತ್ತನೆಯ ತರಗತಿ. ಮನೆಯಿಂದ ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್ ದಾರಿ. "ಮಗಳು ಗೇರಿನ ಸೈಕಲ್ಲೇ ಬೇಕಂತ ಹಟ ಹಿಡಿದಾಳ. ಅವರಪ್ಪ ಸಾದಾ ಸೈಕಲ್ಲು ಸಾಕು ಅಂತಾರ. ನಾನು ಇಬ್ಬರ ನಡುವೆ ಸಿಕ್ಕೊಂಡೇನಿ. ನೀವೇನಂತೀರಿ ಅಕ್ಕಾ?" ಎಂದು ಕೇಳಿದ್ದಾರೆ.

ಹೋಳಿಗೆ ಹರಿದುಹೋದರೆ ಏನು ಮಾಡಬೇಕು, ಮಗುವಿಗೆ ಕೆಮ್ಮು ಬಂದರೆ ಏನು ಕೊಡಬೇಕು ಎಂದು ಕೇಳಿದರೆ ಥಟ್ಟನೆ ಬರೆದುಬಿಡುತ್ತೇನೆ. ಸೈಕಲ್ಲಿನ ವಿಷಯ ನಮ್ಮ ಈ ಪಡಸಾಲಿಗೆ ಬಂದದ್ದು ಇದೇ ಮೊದಲು. ಆದರೂ ಉತ್ತರ ಬರೆಯುವ ಹಕ್ಕು ನನಗಿದೆ. ಯಾಕೆಂದರೆ ಈ ಪಾಠವನ್ನು ನಾನು ದುಡ್ಡು ಕೊಟ್ಟು, ಕಣ್ಣೀರೂ ಹಾಕಿ ಕಲಿತವಳು.

ನಮ್ಮ ಮನೆಯಿರುವುದು ಹಾನಗಲ್ಲಿನ ಹೊರಗೆ, ಊರು ಮುಗಿದು ಭತ್ತದ ಗದ್ದೆಗಳು ಶುರುವಾಗುವ ಜಾಗದಲ್ಲಿ. ಮಗಳ ಹೈಸ್ಕೂಲು ಐದು ಕಿಲೋಮೀಟರ್. ಸರಕಾರದವರು 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುತ್ತಿದ್ದುದು ನಿಮಗೆಲ್ಲ ನೆನಪಿರಬೇಕು. ಶಿಗ್ಗಾಂವಿಯಲ್ಲಿರುವ ನಮ್ಮ ಅಕ್ಕನ ಮಗಳು ಆ ಸೈಕಲ್ಲಿನ ಮೇಲೆಯೇ ಹೈಸ್ಕೂಲು ಮುಗಿಸಿದಳು. 2020ರಲ್ಲಿ ಕೊರೊನಾ ಬಂದು ಸಾಲಿಗಳ ಬಾಗಿಲು ಹಾಕಿದಾಗ ಸೈಕಲ್ಲು ಕೊಡುವುದೂ ನಿಂತಿತು. ನಮ್ಮ ಮಗಳ ಸರದಿ ಬಂದಾಗ ಆ ಭಾಗ್ಯ ಇರಲಿಲ್ಲ.

ಆಗ ನಮ್ಮವರು ಉತ್ಸಾಹದಿಂದ ದೊಡ್ಡ ಊರಿಗೆ ಹೋಗಿ 18 ಗೇರಿನ ಸೈಕಲ್ಲೊಂದನ್ನು ತಂದರು. ಮೌಂಟೇನ್ ಬೈಕ್ ಎನ್ನುತ್ತಾರಲ್ಲ, ಅದು. ದಪ್ಪ ಟೈರು, ಕೆಂಪು ಬಣ್ಣ, ಹ್ಯಾಂಡಲಿಗೆ ಎರಡು ಕಡೆ ಗೇರಿನ ಗುಂಡಿ. ಮಡ್‌ಗಾರ್ಡ್ ಇರಲಿಲ್ಲ, ಚೈನ್ ಕವರ್ ಇರಲಿಲ್ಲ. "ಫ್ಯಾಶನ್ ಹಂಗ ಐತಿ" ಎಂದಳು ಮಗಳು. ಓಣಿಯ ಮಕ್ಕಳೆಲ್ಲ ಸುತ್ತ ನಿಂತು ನೋಡಿದ್ದೇ ನೋಡಿದ್ದು.

ಜೂನ್ ಹೇಗೋ ಕಳೆಯಿತು. ಜುಲೈ ತಿಂಗಳಲ್ಲಿ ನಮ್ಮ ಕಡೆ ಮಳೆ ಹಿಡಿಯಿತೆಂದರೆ ಬಿಡುವ ಮಾತಿಲ್ಲ. ಒಂದು ಸಂಜೆ ಆರಾಯಿತು, ಏಳಾಯಿತು, ಮಗಳ ಸುಳಿವಿಲ್ಲ. ನಮ್ಮವರು ಟಾರ್ಚ್ ಹಿಡಿದು ಹುಡುಕಲು ಹೊರಟರು. ಎಂಟು ಗಂಟೆ ದಾಟಿದ ಮೇಲೆ ಮೈಯೆಲ್ಲ ಕೆಸರಾಗಿ, ಸೈಕಲ್ಲಿನ ಹಿಂದಿನ ಗಾಲಿಯನ್ನು ಎತ್ತಿ ಹಿಡಿದು ಎಳೆಯುತ್ತ ಬಂದಳು. ಗದ್ದೆಯ ಬದುವಿನ ಒಳದಾರಿ ಹಿಡಿದಿದ್ದಳಂತೆ. ಕೆಸರು ಮೆತ್ತಿ ಗೇರು ಬದಲಾಗದೆ ನಿಂತಿತು. ಅವಳು ಜೋರಾಗಿ ತುಳಿದಳು. 'ಟಕ್' ಎಂದು ಸದ್ದಾಗಿ, ಹಿಂದೆ ಜೋತಾಡುವ ಗೇರಿನ ಕೈ ಗಾಲಿಯ ಕಡ್ಡಿಗಳೊಳಗೆ ಸಿಕ್ಕಿಕೊಂಡಿತು. ಗಾಲಿ ತಿರುಗಲೇ ಇಲ್ಲ.

ನಮ್ಮ ಅತ್ತೆಯವರು ಅವಳ ಕಾಲು ತೊಳೆಯಲು ಬಿಸಿನೀರು ಹಾಕುತ್ತ ಒಂದೇ ಮಾತು ಅಂದರು: "ಇನ್ನ ಸಾಲಿ ಸಾಕ್ ಬಿಡ್ರಿ. ಹೆಣ್ಣ ಹುಡುಗಿ, ಕತ್ತಲಾಗ ಹಿಂಗ ಬಂದ್ರ ಹೆಂಗ?"

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ ಸೋದರಿಯರೇ. ಅವರ ಹೆದರಿಕೆ ಪ್ರೀತಿಯದೇ. ಆದರೆ ನನ್ನ ಎದೆ ಝಲ್ಲೆಂದಿತು. ಇದೇ ಮಾತನ್ನು ನಾನು ನನ್ನ ತವರಿನಲ್ಲಿ ಕೇಳಿದ್ದೆ. ನನ್ನ ತವರು ಹಿರೇಕೆರೂರಿನ ಕಡೆಯ ಹಳ್ಳಿ. 1995ರಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಕಾಲೇಜಿಗೆ ಒಂಬತ್ತು ಕಿಲೋಮೀಟರ್ ಹೋಗಬೇಕಿತ್ತು. ಮುಂಜಾನೆ ಒಂದು ಬಸ್ಸು, ಸಂಜೆ ಒಂದು. ಸಂಜೆಯ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ದಿನ ನಾನು ಕತ್ತಲಲ್ಲಿ ನಡೆದು ಮನೆಗೆ ಬಂದೆ. ಮರುದಿನದಿಂದ ನನ್ನ ಪುಸ್ತಕಗಳು ಅಟ್ಟಕ್ಕೆ ಹೋದವು. ಮನೆಯಲ್ಲಿ ಅಣ್ಣನ ಸೈಕಲ್ಲಿತ್ತು, ಆದರೆ ನನಗೆ ಅದನ್ನು ಹೊಡೆಯಲು ಯಾರೂ ಕಲಿಸಿರಲಿಲ್ಲ.

ಆ ರಾತ್ರಿ ನಿಶ್ಚಯಿಸಿದೆ. ಕೆಟ್ಟದ್ದು ಸೈಕಲ್ಲು, ಹುಡುಗಿಯ ಓದಲ್ಲ. ಸೈಕಲ್ಲು ಯಾಕೆ ಕೆಟ್ಟಿತು ಎಂದು ಮೊದಲು ತಿಳಿದುಕೊಳ್ಳೋಣ ಎಂದುಕೊಂಡೆ. ಮರುದಿನ ಮುಂಜಾನೆ ರೊಟ್ಟಿ ಬಡಿದಿಟ್ಟು, ಮಗಳನ್ನೂ ಸೈಕಲ್ಲನ್ನೂ ಕರೆದುಕೊಂಡು ಪೇಟೆಯ ಸೈಕಲ್ ಅಂಗಡಿಯ ಚಾಚಾ ಅವರ ಹತ್ತಿರ ಹೋದೆ. ನಲವತ್ತು ವರ್ಷ ಸೈಕಲ್ಲು ರಿಪೇರಿ ಮಾಡಿದ ಕೈ ಅವರದು.

"ಅವ್ವಾರ, ಇದರಾಗ ಹುಡುಗಿ ತಪ್ಪೇನೂ ಇಲ್ರೀ. ಇದು ಗುಡ್ಡದ ಹೆಸರಿನ ಸೈಕಲ್ಲು, ಆದ್ರ ಕೆಸರಿಗೆ ಹೆದರತೈತಿ" ಎಂದು ನಕ್ಕರು. ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಒಂದೊಂದೇ ಭಾಗ ಮುಟ್ಟಿ ತೋರಿಸಿದರು. ಅಂದು ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು, ಗೇರು ಯಾತಕ್ಕೆ? ನಮ್ಮನೆಯ ಹಳೆಯ ಸಾದಾ ಸೈಕಲ್ಲನ್ನೇ ತೆಗೆದುಕೊಳ್ಳಿ. ಪೆಡಲಿನ ಹತ್ತಿರದ ದೊಡ್ಡ ಚಕ್ರಕ್ಕೆ 44 ಹಲ್ಲು, ಹಿಂದಿನ ಚಿಕ್ಕದಕ್ಕೆ 18. ಪೆಡಲು ಒಂದು ಸುತ್ತು ತುಳಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗಿ ಸೈಕಲ್ಲು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಸಪಾಟಾದ ರಸ್ತೆಯಲ್ಲಿ ಇದು ಚೆನ್ನ. ಏರು ಬಂದಾಗ ಒಂದೇ ಸುತ್ತಿಗೆ ಐದೂವರೆ ಮೀಟರ್ ಹತ್ತುವುದು ಕಾಲಿಗೆ ಭಾರ. ಗೇರಿನ ಸೈಕಲ್ಲಿನಲ್ಲಿ ಮುಂದೆ 28 ಹಲ್ಲು, ಹಿಂದೆಯೂ 28 ಹಲ್ಲು ಹಾಕಿಕೊಂಡರೆ ಒಂದು ಸುತ್ತಿಗೆ ಎರಡು ಮೀಟರ್ ಮಾತ್ರ ಹೋಗುತ್ತದೆ, ಆದರೆ ಹಗುರಾಗಿ ಹೋಗುತ್ತದೆ. ಹಂಡೆ ತುಂಬಿಸಲು ದೊಡ್ಡ ಕೊಡ ಹೊತ್ತು ಎರಡು ಸಲ ತಿರುಗಿದರೂ, ಸಣ್ಣ ಬಿಂದಿಗೆ ಹೊತ್ತು ಐದು ಸಲ ತಿರುಗಿದರೂ ತುಂಬುವುದು ಅದೇ ಹಂಡೆ. ಬಿಂದಿಗೆಯಾದರೆ ಸೊಂಟ ಉಳಿಯುತ್ತದೆ, ಅಷ್ಟೇ.

ಹಾಗಾದರೆ ಗೇರು ಬದಲಾಗುವುದು ಹೇಗೆ? ಹಿಂದಿನ ಗಾಲಿಯಲ್ಲಿ ಚಿಕ್ಕದರಿಂದ ದೊಡ್ಡದರವರೆಗೆ ಆರು ಹಲ್ಲಿನ ಚಕ್ರಗಳು ತಟ್ಟೆ ಪೇರಿಸಿದಂತೆ ಇರುತ್ತವೆ. ಅವುಗಳ ಕೆಳಗೆ ಸ್ಪ್ರಿಂಗು ಮತ್ತು ಎರಡು ಪುಟ್ಟ ಗಾಲಿಗಳಿರುವ ಒಂದು ಕೈ ಜೋತಾಡುತ್ತದೆ. ಅದಕ್ಕೆ ಡಿರೇಲರ್ ಎಂದು ಹೆಸರು. ಫ್ರೆಂಚ್ ಭಾಷೆಯ ಈ ಮಾತಿನ ಅರ್ಥ ಹಳಿ ತಪ್ಪಿಸುವುದು ಎಂದು! ಹೆಸರಿಗೆ ತಕ್ಕ ಹಾಗೆ ಅದು ಚೈನನ್ನು ಒಂದು ಚಕ್ರದಿಂದ ತಳ್ಳಿ ಇನ್ನೊಂದರ ಮೇಲೆ ಕೂಡಿಸುತ್ತದೆ. ಇದೆಲ್ಲ ನಡೆಯುವುದು ಹೊರಗೆ, ಬಯಲಲ್ಲಿ, ನೆಲದಿಂದ ಗೇಣಷ್ಟೇ ಎತ್ತರದಲ್ಲಿ. ಧೂಳು, ಕೆಸರು, ಹುಲ್ಲು, ಚೂಡಿದಾರದ ವೇಲಿನ ತುದಿ, ಎಲ್ಲಕ್ಕೂ ಅಲ್ಲಿ ಬಾಗಿಲು ತೆರೆದೇ ಇರುತ್ತದೆ.

ಈ ಕೈಯನ್ನು ಸೈಕಲ್ಲಿಗೆ ಹಿಡಿದಿಡುವುದು ಹ್ಯಾಂಗರ್ ಎಂಬ ಬೆರಳಷ್ಟು ಉದ್ದದ ಲೋಹದ ತುಂಡು. ಅನೇಕ ಸೈಕಲ್ಲುಗಳಲ್ಲಿ ಅದನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಪೆಟ್ಟು ಬಿದ್ದರೆ ಅದು ಬಾಗಬೇಕು, ಚೌಕಟ್ಟು ಉಳಿಯಬೇಕು. ನಮ್ಮ ಕುಕ್ಕರಿನ ಸೇಫ್ಟಿ ವಾಲ್ವ್ ತಾನು ಕರಗಿ ಕುಕ್ಕರನ್ನು ಉಳಿಸುತ್ತದಲ್ಲ, ಅದೇ ಉಪಾಯ. ಮಗಳ ಸೈಕಲ್ಲಿನಲ್ಲಿ ಬಾಗಿದ್ದೂ ಅದೇ ತುಂಡು. ತೊಂದರೆ ಏನೆಂದರೆ, ವಾಲ್ವ್ ಎಲ್ಲ ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ, ಆ ಹ್ಯಾಂಗರ್ ಸಿಗುವುದಿಲ್ಲ. ಒಂದೊಂದು ಸೈಕಲ್ಲಿಗೆ ಒಂದೊಂದು ನಮೂನೆ. ನಮ್ಮದು ಹುಬ್ಬಳ್ಳಿಯಿಂದ ಬರಲು ಮೂರು ದಿನ ಹಿಡಿಯಿತು.

ಆ ಮೂರು ದಿನ ಮಗಳು ಮನೆಯಲ್ಲಿ ಕೂತಿದ್ದರೆ ಅತ್ತೆಯವರ ಮಾತೇ ನಿಲ್ಲುತ್ತಿತ್ತೋ ಏನೋ. ಆದರೆ ಚಾಚಾ ಜಾಣರು. ಡಿರೇಲರನ್ನೇ ಬಿಚ್ಚಿ ಕೈಗೆ ಕೊಟ್ಟು, ಚೈನನ್ನು ಮೋಟು ಮಾಡಿ ನಡುವಿನ ಚಕ್ರಗಳ ಮೇಲೆ ಹಾಕಿದರು. 18 ಗೇರಿನ ಸೈಕಲ್ಲು ಒಂದೇ ಗೇರಿನದಾಯಿತು. ಮಗಳು ಅದೇ ದಿನ ಸಾಲಿಗೆ ಹೋದಳು. ಡಾಂಬರು ರಸ್ತೆಯಲ್ಲಿ ಏನೂ ಕೊರತೆಯಾಗಲಿಲ್ಲ, ಕೆರೆಯ ಏರಿ ಹತ್ತುವಾಗ ಮಾತ್ರ ಇಳಿದು ತಳ್ಳಿದಳಂತೆ. ಉಳಿದ 17 ಗೇರಿಗೆ ನಾವು ಕೊಟ್ಟ ದುಡ್ಡು ನೆನೆದು ನಮ್ಮವರು ಸುಮ್ಮನೆ ಮೀಸೆ ತಿರುವಿದರು!

ಅಂದ ಹಾಗೆ, 18 ಎಂಬ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಮುಂದಿನ ಮೂರು ಚಕ್ರವನ್ನು ಹಿಂದಿನ ಆರರಿಂದ ಗುಣಿಸಿ 18 ಎನ್ನುತ್ತಾರೆ. ಆದರೆ ಮುಂದಿನ 28 ಹಲ್ಲನ್ನು ಹಿಂದಿನ 16ಕ್ಕೆ ಹಾಕಿದರೂ, ಮುಂದಿನ 48ನ್ನು ಹಿಂದಿನ 28ಕ್ಕೆ ಹಾಕಿದರೂ ಕಾಲಿಗೆ ಬೀಳುವ ಭಾರ ಹೆಚ್ಚೂಕಡಿಮೆ ಒಂದೇ. ಒಂದೇ ಬೇಳೆ ಹಾಕಿ ಮಾಡಿದ ಸಾರಿಗೆ ಎರಡು ಹೆಸರು ಇಟ್ಟಂತೆ.

ಈ ಸುದ್ದಿಯನ್ನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗನಿಗೆ ಫೋನಿನಲ್ಲಿ ಹೇಳಿದೆ. ಅವನಿಗೆ ಗುಡ್ಡ ಹತ್ತುವ ಸೈಕಲ್ಲಿನ ಹುಚ್ಚು. 2021ರ ಫೆಬ್ರುವರಿಯಲ್ಲಿ ನಮ್ಮ ನೆರೆಯ ಗದಗದಲ್ಲೇ ರಾಷ್ಟ್ರಮಟ್ಟದ ಮೌಂಟೇನ್ ಬೈಕ್ ಸ್ಪರ್ಧೆ ನಡೆಯಿತಲ್ಲ, ಅದರ ಸುದ್ದಿಯನ್ನು ನನಗೆ ಮೊದಲು ಹೇಳಿದವನೂ ಅವನೇ. "ಅತ್ತೀ, ನೀ ಹೇಳೋ ತೊಂದರೆ ದೊಡ್ಡ ದೊಡ್ಡ ಸವಾರರಿಗೂ ಐತಿ. ಅದಕ್ಕ ಗೇರನ್ನ ಡಬ್ಬಿಯೊಳಗ ಹಾಕ್ಯಾರ" ಎಂದು ಚಿತ್ರ ಕಳಿಸಿದ.

ನಿಮ್ಮ ಮನೆಯವರ ಮೋಟಾರ್ ಸೈಕಲ್ಲಿನ ಗೇರು ಎಂದಾದರೂ ನಿಮ್ಮ ಕಣ್ಣಿಗೆ ಬಿದ್ದಿದೆಯೇ? ಇಲ್ಲ. ಅದು ಎಂಜಿನ್ನಿನ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿರುತ್ತದೆ. ಎಷ್ಟೇ ಕೆಸರು ಹಾರಿದರೂ ಅದಕ್ಕೆ ತಾಗುವುದಿಲ್ಲ. ಹಾಗೆಯೇ ಪೆಡಲಿನ ನಡುವೆ ಒಂದು ಮುಚ್ಚಿದ ಪೆಟ್ಟಿಗೆ ಇಟ್ಟು, ಅದರೊಳಗೆ ಹಲ್ಲಿನ ಚಕ್ರಗಳನ್ನು ಎಣ್ಣೆಯೊಂದಿಗೆ ಕೂಡಿಸಿದ ಸೈಕಲ್ಲುಗಳೂ ಇವೆ. ಹಿಂದೆ ಜೋತಾಡುವ ಕೈ ಅವಕ್ಕೆ ಇಲ್ಲವೇ ಇಲ್ಲ. ಹೋಂಡಾ ಕಂಪನಿಯವರು 2004ರ ಸುಮಾರಿಗೆ ಗುಡ್ಡ ಇಳಿಯುವ ಪಂದ್ಯಕ್ಕೆ ಗೇರನ್ನು ಡಬ್ಬಿಯೊಳಗೆ ಮುಚ್ಚಿದ ಸೈಕಲ್ಲೊಂದನ್ನು ಇಳಿಸಿ ಗೆದ್ದರು, ಆದರೆ ಅದನ್ನು ಮಾರಾಟಕ್ಕೆ ಬಿಡಲಿಲ್ಲ. ಜರ್ಮನಿಯಲ್ಲಿ ಕಾರಿನ ಗೇರುಪೆಟ್ಟಿಗೆಯ ಕೆಲಸ ಬಲ್ಲ ಇಬ್ಬರು ಎಂಜಿನಿಯರುಗಳು 2008ರಲ್ಲಿ ಪಿನಿಯನ್ ಎಂಬ ಕಂಪನಿ ಶುರು ಮಾಡಿದರು. ಅವರ ದೊಡ್ಡ ಪೆಟ್ಟಿಗೆಯಲ್ಲಿ ಇರುವುದೂ 18 ಗೇರು, ಆದರೆ ಇಲ್ಲಿ 18ಕ್ಕೆ 18ಉ ಬೇರೆ ಬೇರೆ. ಎಲ್ಲಕ್ಕಿಂತ ಹಗುರದ್ದಕ್ಕೂ ಭಾರದ್ದಕ್ಕೂ ಆರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಸೈಕಲ್ಲು ನಿಂತಿದ್ದಾಗಲೂ ಗೇರು ಬದಲಿಸಬಹುದು. ವರ್ಷಕ್ಕೊಮ್ಮೆ, ಇಲ್ಲವೇ 10,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿದರೆ ಸಾಕು.

ಓದುತ್ತ ಓದುತ್ತ ನನಗೆ ನೆನಪಾದದ್ದು ನಮ್ಮ ಉಪ್ಪಿನಕಾಯಿ ಭರಣಿ. ಎಣ್ಣೆಯಲ್ಲಿ ಮುಳುಗಿಸಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮುಚ್ಚಿಟ್ಟ ಮಾವಿನಕಾಯಿ ವರ್ಷವಾದರೂ ಕೆಡುವುದಿಲ್ಲ. ತಟ್ಟೆಯಲ್ಲಿ ತೆರೆದಿಟ್ಟದ್ದು ನಾಲ್ಕು ದಿನಕ್ಕೆ ಬೂಸಲು. ಡಿರೇಲರ್ ತಟ್ಟೆಯ ಮೇಲಿನ ಉಪ್ಪಿನಕಾಯಿ, ಗೇರುಪೆಟ್ಟಿಗೆ ಭರಣಿಯೊಳಗಿನದು.

ಹಾಗಂತ ಭರಣಿಯಲ್ಲೂ ಊನವಿಲ್ಲವೆಂದಲ್ಲ. ಆ ಪೆಟ್ಟಿಗೆ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ. ಒಳಗಿನ ಹಲ್ಲುಗಳ ತಿಕ್ಕಾಟಕ್ಕೆ ನಮ್ಮ ಕಾಲಿನ ಬಲ ಸ್ವಲ್ಪ ಹೋಗುತ್ತದೆ. ಏರಿನಲ್ಲಿ ಹಗುರ ಗೇರಿಗೆ ಬರುವಾಗ ಕ್ಷಣಹೊತ್ತು ಕಾಲನ್ನು ಸಡಿಲ ಬಿಡಬೇಕು. ಬೇಕೆಂದರೆ ಹಳೆಯ ಸೈಕಲ್ಲಿಗೆ ಕೂಡಿಸಲೂ ಬರುವುದಿಲ್ಲ, ಅದಕ್ಕೆಂದೇ ಚೌಕಟ್ಟು ಮಾಡಬೇಕು. ಅಂಥ ಸೈಕಲ್ಲಿನ ಬೆಲೆಯೋ ಲಕ್ಷಗಳಲ್ಲಿ! ನಮ್ಮ ನಿಮ್ಮ ಮನೆಗೆ ಅದು ಬರುವುದಿಲ್ಲ. ಆದರೂ ಇಷ್ಟು ಉದ್ದ ಯಾಕೆ ಬರೆದೆನೆಂದರೆ, ಲಕ್ಷ ಕೊಟ್ಟು ಕೊಳ್ಳುವವರು ಕೊಂಡದ್ದು ಏನನ್ನು? ಮುಚ್ಚಳವನ್ನು! ಆ ಬುದ್ಧಿಯನ್ನು ನಾವು ಕಡಿಮೆ ದುಡ್ಡಿನಲ್ಲಿ ಕಲಿಯಬಹುದಲ್ಲವೇ?

ನಿಜ ಹೇಳಬೇಕೆಂದರೆ ಮುಚ್ಚಿದ ಗೇರು ಹೊಸದೂ ಅಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನಲ್ಲಿ ಸ್ಟರ್ಮಿ-ಆರ್ಚರ್ ಎಂಬ ಕಂಪನಿಯವರು 1903ರ ಹೊತ್ತಿಗೇ ಹಿಂದಿನ ಗಾಲಿಯ ನಡುವಿನ ಗುಂಬದೊಳಗೆ, ಹಬ್ ಎನ್ನುತ್ತಾರಲ್ಲ, ಅದರೊಳಗೆ ಮೂರು ಗೇರು ಅಡಗಿಸಿಟ್ಟಿದ್ದರು. ಜರ್ಮನಿಯ ರೋಲಾಫ್ ಎಂಬ ಕಂಪನಿ 1998ರಲ್ಲಿ ಅದೇ ಜಾಗದೊಳಗೆ 14 ಗೇರು ತುಂಬಿತು.

ಗೇರು ಹೆಂಗಸರಿಗೆ ಯಾಕೆ, ಸಾದಾ ಸಾಕು ಎನ್ನುವ ಗಂಡಸರಿಗೂ ಒಂದು ಕಥೆ ಇದೆ. 1902ರಲ್ಲಿ ಫ್ರಾನ್ಸ್ ದೇಶದಲ್ಲಿ ಅಲ್ಲಿಯ ಪ್ರವಾಸಿ ಸಂಘದವರು ಪಿರೆನೀಸ್ ಪರ್ವತದ ಟೂರ್ಮಲೆ ಘಟ್ಟದ ಮೇಲೆ ಸೈಕಲ್ ಪರೀಕ್ಷೆ ಇಟ್ಟರು. ಘಟ್ಟದ ಎತ್ತರ 2,115 ಮೀಟರ್. ಮಾರ್ತ್ ಹೆಸ್ ಎಂಬ ಹೆಣ್ಣುಮಗಳು ಮೂರು ಗೇರಿನ ಸೈಕಲ್ಲು ತಂದಿದ್ದಳು. ಒಂದೇ ಗೇರಿನ ಸೈಕಲ್ಲು ತಂದ ಹೆಸರಾಂತ ಸವಾರನನ್ನು ಅವಳು ಹಿಂದೆ ಹಾಕಿದಳು, ಇಡೀ ದಾರಿಯಲ್ಲಿ ಒಮ್ಮೆಯೂ ಕಾಲು ನೆಲಕ್ಕೆ ಊರಲಿಲ್ಲ ಎಂದು ಸೈಕಲ್ಲಿನ ಚರಿತ್ರೆ ಬರೆದವರು ಹೇಳುತ್ತಾರೆ. ಆಗ ಆನ್ರಿ ದೆಗ್ರಾಂಜ್ ಎಂಬ ಪತ್ರಿಕೆಯ ಸಂಪಾದಕರಿಗೆ ಇದು ಹಿಡಿಸಲಿಲ್ಲ. 45 ದಾಟಿದವರಿಗೆ ಗೇರು ಸರಿ, ಉಳಿದವರು ಕಾಲಿನ ಬಲದಿಂದ ಗೆಲ್ಲಬೇಕು ಎಂದು ಬರೆದರು. ಮರುವರ್ಷ, 1903ರಲ್ಲಿ, ಟೂರ್ ಡಿ ಫ್ರಾನ್ಸ್ ಎಂಬ ದೊಡ್ಡ ಪಂದ್ಯವನ್ನು ಶುರು ಮಾಡಿದವರೂ ಅವರೇ. ಆ ಪಂದ್ಯದಲ್ಲಿ ಡಿರೇಲರಿಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಒಬ್ಬ ಹೆಣ್ಣುಮಗಳು ತಿಳಿದದ್ದನ್ನು ಒಪ್ಪಲು ಅವರಿಗೆ 35 ವರ್ಷ ಬೇಕಾಯಿತು! ನನಗೂ ಈಗ 46 ಆಯಿತು. ಆ ಸಂಪಾದಕರ ಲೆಕ್ಕದಲ್ಲಿ ನನಗಂತೂ ಗೇರಿಗೆ ಅಪ್ಪಣೆ ಸಿಕ್ಕಿದೆ.

ಇನ್ನು ಸವಣೂರಿನ ಸೋದರಿಗೆ ನನ್ನ ಉತ್ತರ. ಸೈಕಲ್ಲನ್ನು ಬಣ್ಣ ನೋಡಿ ಕೊಳ್ಳಬೇಡಿ, ಗೇರಿನ ಸಂಖ್ಯೆ ನೋಡಿಯೂ ಕೊಳ್ಳಬೇಡಿ. ಮಗಳು ಹೋಗುವ ದಾರಿಯನ್ನು ಒಮ್ಮೆ ನೀವೇ ನಡೆದು ನೋಡಿ ಕೊಳ್ಳಿ.

ನಿಮ್ಮ ಸವಣೂರಿನ ಕಡೆ ಎರೆ ಭೂಮಿ, ನೆಲ ಸಪಾಟು. ಮಳೆ ಬಿದ್ದರೆ ಆ ಮಣ್ಣು ಹಿಟ್ಟಿನಂತೆ ಅಂಟುತ್ತದೆ. ಅಲ್ಲಿ ಬಯಲು ಗೇರಿಗಿಂತ ಸಾದಾ ಸೈಕಲ್ಲೇ ಮೇಲು. ಆದರೆ ಚೈನು ಪೂರ್ತಿ ಮುಚ್ಚುವ ಕವರ್ ಇರಲಿ, ಎರಡೂ ಗಾಲಿಗೆ ಮಡ್‌ಗಾರ್ಡ್ ಇರಲಿ, ಮಡ್‌ಗಾರ್ಡಿಗೂ ಟೈರಿಗೂ ನಡುವೆ ಬೆರಳು ಆಡುವಷ್ಟು ಜಾಗ ಇರಲಿ, ಇಲ್ಲದಿದ್ದರೆ ಮಣ್ಣು ತುಂಬಿ ಗಾಲಿ ಹಿಡಿಯುತ್ತದೆ. ಮಗಳಿಗೆ ತುಳಿಯಲು ಭಾರವೆನಿಸಿದರೆ ಒಂದು ಗುಟ್ಟು: ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆಸಿ 20 ಅಥವಾ 22 ಹಲ್ಲಿನದು ಹಾಕಿಸಿರಿ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು, ಅಷ್ಟೇ. 22 ಹಾಕಿದರೆ ಐದರಲ್ಲಿ ಒಂದು ಪಾಲಿನಷ್ಟು ಭಾರ ಇಳಿಯುತ್ತದೆ. ವೇಗ ಅಷ್ಟೇ ಕಡಿಮೆ, ಸಾಲಿಗೆ ಐದು ನಿಮಿಷ ಮೊದಲೇ ಹೊರಟರಾಯಿತು.

ಹಿರೇಕೆರೂರಿನ ಕಡೆ ಏರು ತಗ್ಗುಗಳಿರುವ ಹಳ್ಳಿಗಳವರು ಗೇರಿನದು ಕೊಡಿಸಿರಿ, ಬೇಡವೆನ್ನುವುದಿಲ್ಲ. ಆದರೆ ಮುಂದೆ ಒಂದೇ ಚಕ್ರ, ಹಿಂದೆ ಆರೇಳು ಇರುವುದು ನೋಡಿರಿ. ಬಯಲಲ್ಲಿ ಕೆಡುವ ಭಾಗ ಅರ್ಧ ಕಡಿಮೆಯಾಗುತ್ತದೆ. ಅಂಗಡಿಯಲ್ಲಿಯೇ ಕೇಳಿ ಹ್ಯಾಂಗರ್ ಒಂದನ್ನು ಹೆಚ್ಚಿಗೆ ತಂದು ಮನೆಯಲ್ಲಿಡಿ. ಗಾಲಿಯ ಗುಂಬದೊಳಗೆ ಮೂರು ಗೇರು ಅಡಗಿರುವ ಸೈಕಲ್ಲು ಕೈಗೆಟುಕುವ ಬೆಲೆಗೆ ಎಲ್ಲಾದರೂ ಸಿಕ್ಕರೆ, ಅದು ಭರಣಿಯ ಉಪ್ಪಿನಕಾಯಿ, ಬಿಡಬೇಡಿ. ಆದರೆ ಅದನ್ನು ಬಿಚ್ಚಿ ಕೂಡಿಸಲು ಬಲ್ಲವರು ನಿಮ್ಮ ಊರಲ್ಲಿ ಇದ್ದಾರೆಯೇ ಎಂದು ಮೊದಲು ಕೇಳಿಕೊಳ್ಳಿ. ಶಿಗ್ಗಾಂವಿಯ ಹಾಗೆ ಹೆದ್ದಾರಿಯ ಪಕ್ಕ ಇರುವವರು ಗೇರಿಗಿಂತ ಮೊದಲು ಬ್ರೇಕು, ಗಂಟೆ ಮತ್ತು ಹಿಂದಿನ ಕೆಂಪು ದೀಪ ನೋಡಬೇಕು.

ಈಗಾಗಲೇ ಗೇರಿನ ಸೈಕಲ್ಲು ಮನೆಯಲ್ಲಿದ್ದರೆ ಈ ಕೆಲವು ಮಾತುಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ:

ಏರು ಬರುವ ಮೊದಲೇ ಗೇರು ಹಗುರ ಮಾಡಬೇಕು. ಏರಿನ ನಡುವೆ ಜೋರಾಗಿ ತುಳಿಯುತ್ತ ಬದಲಿಸಬಾರದು. ಡಿರೇಲರಿನ ಗೇರನ್ನು ಸೈಕಲ್ಲು ನಿಂತಾಗ ಒತ್ತಬಾರದು, ಪೆಡಲು ತಿರುಗುತ್ತಿರಬೇಕು.

ಗೇರು ಬದಲಾಗದೆ ನಿಂತರೆ ಇಳಿದು ನೋಡಬೇಕು. ಕಡ್ಡಿಯಿಂದ ಕೆಸರು ತೆಗೆಯಬೇಕು. ಬಲ ಹಾಕಿ ತುಳಿದರೆ ನಮ್ಮ ಮಗಳಿಗಾದ ಗತಿಯೇ ಆದೀತು.

ಸೈಕಲ್ಲನ್ನು ಬಲಗಡೆಗೆ ಮಲಗಿಸಬಾರದು. ಗೇರಿನ ಕೈ ಇರುವುದು ಆ ಕಡೆಗೇ. ವಾರಕ್ಕೊಮ್ಮೆ ಹಿಂದೆ ನಿಂತು ನೋಡಿ. ಎರಡು ಪುಟ್ಟ ಗಾಲಿಗಳು ಮೇಲಿನ ಚಕ್ರದ ನೇರಕ್ಕೆ ಸೆಟೆದು ನಿಂತಿರಬೇಕು. ಒಳಕ್ಕೆ ಬಾಗಿದ್ದರೆ ಅಂದೇ ಅಂಗಡಿಗೆ ಒಯ್ಯಿರಿ.

ಚೈನನ್ನು ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ, ಸಂದಿಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿರಿ. ಆಮೇಲೆ ಕೊಂಡಿಗೊಂದು ಹನಿಯಂತೆ ಸೈಕಲ್ಲಿನ ಎಣ್ಣೆ, ಇಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಹೊರಗೆ ಉಳಿದದ್ದನ್ನು ಮತ್ತೆ ಒರೆಸಿ ತೆಗೆಯಿರಿ. ಹೆಚ್ಚಾದ ಎಣ್ಣೆ ಧೂಳನ್ನು ಕರೆಯುತ್ತದೆ. ಅಡುಗೆ ಎಣ್ಣೆ ಮಾತ್ರ ಬೇಡ, ಅದು ಕೆಲವೇ ದಿನಗಳಲ್ಲಿ ಅಂಟಾಗಿ ಕೂರುತ್ತದೆ.

ಚೂಡಿದಾರಕ್ಕೆ ಚೈನಿನ ಕಲೆ ಹತ್ತಿದರೆ ನೀರು ಹಾಕಬೇಡಿ. ಮೊದಲು ಮುಖದ ಪೌಡರು ಅಥವಾ ಖಡುವಿನ ಪುಡಿ ಉದುರಿಸಿ ಅರ್ಧ ಗಂಟೆ ಬಿಡಿ. ಎಣ್ಣೆ ಹೀರಿಕೊಂಡ ಮೇಲೆ ಝಾಡಿಸಿ, ಪಾತ್ರೆ ತೊಳೆಯುವ ಸೋಪಿನಿಂದ ಮೆಲ್ಲಗೆ ತಿಕ್ಕಿ ತೊಳೆಯಿರಿ.

ಇಷ್ಟೆಲ್ಲ ಒಂದು ಸೈಕಲ್ಲಿಗೆ ಯಾಕೆ ಎಂದು ಕೇಳುವಿರಾ? ಬಿಹಾರ ರಾಜ್ಯದಲ್ಲಿಯೂ 2006ರಲ್ಲಿ ಹೈಸ್ಕೂಲಿಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ಲಿನ ಯೋಜನೆ ತಂದರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಭ್ಯಾಸ ಮಾಡಿ 2017ರಲ್ಲಿ ಪ್ರಕಟಿಸಿದ್ದಾರೆ. ಹೈಸ್ಕೂಲು ಸೇರುವ ಹೆಣ್ಣುಮಕ್ಕಳ ಪ್ರಮಾಣ ನೂರಕ್ಕೆ 32ರಷ್ಟು ಏರಿತಂತೆ. ಹೆಚ್ಚು ಪ್ರಯೋಜನವಾದದ್ದು ಸಾಲಿ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ಓದಿ ನನ್ನ ಕಣ್ಣು ತುಂಬಿತು. ಮೂರು ಕಿಲೋಮೀಟರ್! ನನ್ನದು ಒಂಬತ್ತಿತ್ತು.

ಆದರೆ ಆ ಎರಡು ಗಾಲಿ ತಿರುಗುತ್ತಿದ್ದರೆ ಮಾತ್ರ ಈ ಲೆಕ್ಕ. ಮಳೆಗಾಲದ ಒಂದು ಸಂಜೆ ಅವು ನಿಂತುಹೋದರೆ, ಮನೆಯಲ್ಲಿ ಯಾರೋ ಒಬ್ಬರು "ಸಾಲಿ ಸಾಕು" ಎನ್ನುತ್ತಾರೆ. ಅವರ ಬಾಯಿ ಮುಚ್ಚಿಸುವುದಕ್ಕಿಂತ ಗಾಲಿ ನಿಲ್ಲದಂತೆ ನೋಡಿಕೊಳ್ಳುವುದು ಸುಲಭ. ಆದ್ದರಿಂದ ಸೈಕಲ್ಲು ಕೊಡಿಸುವ ದಿನವೇ ಮಗಳಿಗೆ ಒಂದು ಪಾನ, ಒಂದು ಸ್ಕ್ರೂಡ್ರೈವರ್, ಒಂದು ತುಂಡು ಬಟ್ಟೆ ಚೀಲದಲ್ಲಿ ಕಟ್ಟಿಕೊಡಿ. ಜಾರಿದ ಚೈನನ್ನು ಏರಿಸುವುದು ಕಲಿಸಿ. ನಿಮಗೆ ಬರದಿದ್ದರೆ ಇಬ್ಬರೂ ಕೂಡಿ ಕಲಿಯಿರಿ, ನಾವು ಕಲಿತ ಹಾಗೆ.

ಹೊಸ ಹ್ಯಾಂಗರ್ ಬಂದ ಮೇಲೆ ಚಾಚಾ ಅದನ್ನು ನಮ್ಮ ಮಗಳ ಕೈಯಿಂದಲೇ ಹಾಕಿಸಿದರು. ಎರಡೂ ಗಾಲಿಗೆ ಮಡ್‌ಗಾರ್ಡ್ ಕೂಡಿಸಿದರು. ಗದ್ದೆಯ ಒಳದಾರಿಯನ್ನು ಮಳೆಗಾಲದಲ್ಲಿ ಬಿಟ್ಟಿದ್ದಾಳೆ, ಒಂದು ಕಿಲೋಮೀಟರ್ ಸುತ್ತಾದರೂ ಡಾಂಬರು ರಸ್ತೆಯಲ್ಲೇ ಬರುತ್ತಾಳೆ. ಕಳೆದ ಭಾನುವಾರ ಅಂಗಳದಲ್ಲಿ ಅವಳು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಚೈನು ಒರೆಸುತ್ತಿದ್ದಳು. ನಮ್ಮ ಅತ್ತೆಯವರು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ತಮ್ಮ ಹಳೆಯ ಮೆತ್ತನೆಯ ಇಳಕಲ್ ಸೀರೆಯ ತುಂಡೊಂದನ್ನು ತಂದು ಅವಳ ಮುಂದೆ ಹಾಕಿ, "ಇದರಲೆ ಒರಸವ್ವಾ, ಛಲೋ ಹೋಗತೈತಿ" ಎಂದರು.

ಸವಣೂರಿನ ಸೋದರಿಯೇ, ಸೈಕಲ್ಲು ಬಂದ ಮೇಲೆ ಒಂದು ಸಾಲು ಬರೆದು ತಿಳಿಸಿರಿ. ಉಳಿದವರೂ ನಿಮ್ಮ ನಿಮ್ಮ ಊರಿನ ದಾರಿಯ ಅನುಭವ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ, ಅನೇಕರು ಕೇಳಿದ ಹಾಗೆ, ಮಳೆಗಾಲದಲ್ಲಿ ಹಪ್ಪಳ ಸಂಡಿಗೆ ಮೆತ್ತಗಾಗದಂತೆ ಇಡುವ ಬಗೆ ಹೇಳುತ್ತೇನೆ. ಅದರ ಗುಟ್ಟೂ ಮುಚ್ಚಳದಲ್ಲೇ ಇದೆ ಎನ್ನಿ!